ಕುರ್ಚಿಯ ಆಸೆ ಯಾರಿಗೆ ಪಾಪ?

ದಲಿತನೊಬ್ಬ ಮಂತ್ರಿಯಾಗಬೇಕು ಅಂದರೆ ಸಾಕು, 'ಅವನಿಗೆ ಕುರ್ಚಿ ಆಸೆ ಕಣ್ರೀ' ಅಂತಾರೆ. ಮೇಲ್ಜಾತಿಯವರ ಆಸೆಗೆ ಮಾತ್ರ ಜನಸೇವೆ ಎಂಬ ಹೆಸರು. ಕುರ್ಚಿಯಲ್ಲಿ ಕೂತು ಮಾಡಿದ್ದೇನು ಎಂಬುದರಿಂದ ನಾನು ಆಸೆಯನ್ನು ಅಳೆಯುತ್ತೇನೆ. ಬಿ. ಬಸವಲಿಂಗಪ್ಪನವರನ್ನೇ ನೋಡಿ. ದೇವರಾಜ ಅರಸು ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿ ಅವರು ತಲೆಯ ಮೇಲೆ ಮಲ ಹೊರುವ ಅನಿಷ್ಟವನ್ನು ನಿಷೇಧಿಸಿದರು. ಅಧಿಕಾರವಿಲ್ಲದೆ ಆ ಆದೇಶ ಬರುತ್ತಿತ್ತೇ? 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬೂಸಾ ಬಗ್ಗೆ ಆಡಿದ ಮಾತಿಗೆ ಗಲಭೆಯೆದ್ದು ರಾಜೀನಾಮೆ ಕೊಡಬೇಕಾಯಿತು. ಕುರ್ಚಿ ಹೋಯಿತು. ಆದರೆ ಆ ಗಲಾಟೆಯಲ್ಲಿ ಕೆರಳಿದ ದಲಿತ ಯುವಕರಲ್ಲಿ ಹಲವರು ಮುಂದೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕುರ್ಚಿಗೆ ಆಸೆ ಪಡೋಣ, ನಾಚಿಕೆ ಬೇಡ. ಅದನ್ನು ಉಳಿಸಿಕೊಳ್ಳಲು ಬಾಯಿ ಹೊಲಿದುಕೊಳ್ಳುವವನನ್ನು ಮಾತ್ರ ನಾಯಕ ಅನ್ನೋದು ಬೇಡ.