ಹಳೇ ಇಂಟರ್ನಲ್ ಮೋಡೆಮ್‌ನ ಜಂಪರ್ ಸರಿಮಾಡುವುದು ಹೇಗೆ?

ಮೋಡೆಮ್ ಡಯಲ್ ಮಾಡಿದ ಕೂಡಲೇ ಮೌಸ್ ನಿಂತುಹೋಗುತ್ತಾ? ಮೋಡೆಮ್ ಕೆಟ್ಟಿದೆ ಅಂತ ಎಸೆಯುವ ಮುಂಚೆ ಜಂಪರ್ ನೋಡಿ. ಹಳೇ ಲೆಕ್ಕಪತ್ರ ಇರುವ ವಿಂಡೋಸ್ 98 ಕಂಪ್ಯೂಟರನ್ನೇ ಫ್ಯಾಕ್ಸ್‌ಗೂ ಬಳಸುವ ಆಫೀಸಿನವರಿಗೆ ಇದು ಮುಖ್ಯ. ಎಂಟ್ರಿ ಮಧ್ಯೆ ಸಿಸ್ಟಮ್ ಹ್ಯಾಂಗ್ ಆಗಿ ಪವರ್ ತೆಗೆಯಬೇಕಾಗಿ ಬಂದರೆ ಡೇಟಾ ಫೈಲೇ ಹಾಳಾಗಬಹುದು. ಆದ್ದರಿಂದ ಮೊದಲು ಬ್ಯಾಕಪ್, ಆಮೇಲೆ ರಿಪೇರಿ.

ಜಂಪರ್ ಅಂದರೆ

ಕಾರ್ಡ್ ಮೇಲಿನ ಎರಡು ಸಣ್ಣ ಪಿನ್‌ಗಳನ್ನು ಜೋಡಿಸುವ ಪ್ಲಾಸ್ಟಿಕ್ ಟೋಪಿ, ಅಷ್ಟೇ. ಒಳಗೆ ಲೋಹದ ಪಟ್ಟಿ ಇರುತ್ತದೆ. ಮೋಡೆಮ್ ಯಾವ ಕಾಮ್ ಪೋರ್ಟ್, ಯಾವ ಐಆರ್‌ಕ್ಯೂ ಬಳಸಬೇಕು ಅನ್ನುವುದನ್ನು ಇದು ತೀರ್ಮಾನಿಸುತ್ತದೆ. ಇದು ಐಎಸ್ಎ ಕಾರ್ಡ್‌ಗಳ ಮಾತು. ಪಿಸಿಐ ಕಾರ್ಡ್‌ಗೆ ಸಾಮಾನ್ಯವಾಗಿ ಈ ತಾಪತ್ರಯ ಇಲ್ಲ.

ರೂಢಿಯ ಸೆಟ್ಟಿಂಗ್

ಕಾಮ್ 1 – ವಿಳಾಸ 3ಎಫ್8, ಐಆರ್‌ಕ್ಯೂ 4
ಕಾಮ್ 2 – ವಿಳಾಸ 2ಎಫ್8, ಐಆರ್‌ಕ್ಯೂ 3
ಕಾಮ್ 3 – ವಿಳಾಸ 3ಇ8, ಐಆರ್‌ಕ್ಯೂ 4
ಕಾಮ್ 4 – ವಿಳಾಸ 2ಇ8, ಐಆರ್‌ಕ್ಯೂ 3

ತೊಂದರೆ ಇರುವುದು ಇಲ್ಲೇ. ಪೋರ್ಟ್ ನಾಲ್ಕು, ಐಆರ್‌ಕ್ಯೂ ಮಾತ್ರ ಎರಡು. ಸೀರಿಯಲ್ ಮೌಸ್ ಕಾಮ್ 1ರಲ್ಲಿದ್ದು ಮೋಡೆಮ್ ಕಾಮ್ 3ಕ್ಕೆ ಹೋದರೆ ಎರಡಕ್ಕೂ ಐಆರ್‌ಕ್ಯೂ 4. ಇಬ್ಬರು ಕ್ಯಾಷಿಯರ್‌ಗಳಿಗೆ ಒಂದೇ ರಸೀದಿ ಪುಸ್ತಕ ಕೊಟ್ಟ ಹಾಗೆ. ಇಬ್ಬರೂ ಒಟ್ಟಿಗೆ ಬರೆಯಲು ಹೊರಟಾಗ ಜಗಳ.

ಮಾಡುವ ಕ್ರಮ

1. ಕಂಪ್ಯೂಟರ್ ಆನ್ ಮಾಡಿ ಬಯೋಸ್ ಸೆಟಪ್‌ಗೆ ಹೋಗಿ. ಮದರ್‌ಬೋರ್ಡ್‌ನ ಎರಡನೇ ಸೀರಿಯಲ್ ಪೋರ್ಟ್ ಖಾಲಿ ಇದ್ದರೆ ಅದನ್ನು ಡಿಸೇಬಲ್ ಮಾಡಿ ಸೇವ್ ಮಾಡಿ.
2. ಪವರ್ ಕೇಬಲ್ ಮತ್ತು ಟೆಲಿಫೋನ್ ವೈರ್ ಎರಡನ್ನೂ ಕಳಚಿ. ರಿಂಗ್ ಬಂದಾಗ ಫೋನ್ ಲೈನಿನಲ್ಲಿ ಶಾಕ್ ಹೊಡೆಯುವಷ್ಟು ವೋಲ್ಟೇಜ್ ಇರುತ್ತದೆ.
3. ಕೇಸಿನ ಲೋಹ ಮುಟ್ಟಿ ಮೈಯ ಸ್ಟಾಟಿಕ್ ಕಳೆದುಕೊಂಡು ಕಾರ್ಡ್ ತೆಗೆಯಿರಿ.
4. ಈಗಿನ ಜಂಪರ್ ಸ್ಥಾನವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.
5. ಕಾರ್ಡ್ ಮೇಲೆ ಅಥವಾ ಮ್ಯಾನುಯಲ್‌ನಲ್ಲಿರುವ ಚಿತ್ರ ನೋಡಿ ಕಾಮ್ 2, ಐಆರ್‌ಕ್ಯೂ 3ಕ್ಕೆ ಟೋಪಿ ಹಾಕಿ. ಅಂದಾಜಿನಲ್ಲಿ ಹಾಕಬೇಡಿ, ಒಂದೊಂದು ಕಂಪನಿಯ ಜೋಡಣೆ ಒಂದೊಂದು ಥರ.
6. ಕಾರ್ಡ್ ಕೂರಿಸಿ, ಗೋಡೆಯ ವೈರನ್ನು ಲೈನ್ ಅಂತ ಬರೆದಿರುವ ಸಾಕೆಟ್‌ಗೆ ಹಾಕಿ. ಫೋನ್ ಅಂತಿರುವುದು ಹ್ಯಾಂಡ್‌ಸೆಟ್‌ಗೆ.

ಎರಡೂ ಸೀರಿಯಲ್ ಪೋರ್ಟ್ ಬೇಕೇ ಬೇಕು ಅಂತಿದ್ದರೆ ಮೋಡೆಮನ್ನು ಕಾಮ್ 3, ಐಆರ್‌ಕ್ಯೂ 5ಕ್ಕೆ ಹಾಕಬಹುದು. ಡಿವೈಸ್ ಮ್ಯಾನೇಜರ್‌ನಲ್ಲೂ 5 ಅಂತ ಬದಲಿಸಬೇಕು. ಸೌಂಡ್ ಕಾರ್ಡ್ ಹೆಚ್ಚಾಗಿ ಐಆರ್‌ಕ್ಯೂ 5ರಲ್ಲೇ ಇರುತ್ತದೆ, ಮೊದಲೇ ಪರೀಕ್ಷಿಸಿ.

ಪರೀಕ್ಷೆ

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇರಬಾರದು. ಹೈಪರ್‌ಟರ್ಮಿನಲ್ ತೆರೆದು, ಕಾಮ್ 2 ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಎಟಿ ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಓಕೆ ಅಂತ ಉತ್ತರ ಬಂದರೆ ಜಂಪರ್ ಸರಿ ಇದೆ.

ಆಮೇಲೂ ಡಯಲ್ ಟೋನ್ ಇಲ್ಲ ಅಂತ ತೋರಿಸಿದರೆ ಮತ್ತೆ ಕಾರ್ಡ್ ಬಿಚ್ಚಬೇಡಿ, ಮೊದಲು ವೈರ್ ಸರಿಯಾದ ಸಾಕೆಟ್‌ನಲ್ಲಿದೆಯಾ ನೋಡಿ. ಬೇರೆ ದೇಶಕ್ಕೆಂದು ತಯಾರಾದ ಮೋಡೆಮ್ ಇಲ್ಲಿನ ಟೋನನ್ನು ಗುರುತಿಸದೇ ಇರಬಹುದು. ಎಟಿಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ. ಆಫೀಸ್ ಎಕ್ಸ್‌ಚೇಂಜ್‌ನಲ್ಲಿ ಹೊರಗಿನ ಲೈನಿಗೆ 9 ಒತ್ತಬೇಕಿದ್ದರೆ 9ರ ನಂತರ ಒಂದು ಅಲ್ಪವಿರಾಮ ಹಾಕಿ. ಮೋಡೆಮ್ ಸುಮಾರು 2 ಸೆಕೆಂಡ್ ಕಾಯುತ್ತದೆ.

ಕೊನೆಗೆ, ಹೊಸ ಸೆಟ್ಟಿಂಗನ್ನು ಒಂದು ಚೀಟಿಯಲ್ಲಿ ಬರೆದು ಕೇಸಿನ ಒಳಬದಿಗೆ ಅಂಟಿಸಿಬಿಡಿ. ಮುಂದೆ ಬಿಚ್ಚುವವರಿಗೆ ಅರ್ಧ ದಿನ ಉಳಿಯುತ್ತದೆ.