ಹನಿಗೂಡಿ ಹಳ್ಳವಾದ ಮೆಮೊರಿ

‘ಮೆಮೊರಿ ಲೀಕ್’ ಅನ್ನೋ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತೆ ಅಂತ ನನಗನ್ನಿಸುತ್ತೆ. ಇಲ್ಲಿ ಏನೂ ಸೋರಿ ಹೋಗಲ್ಲ. ಬಳಸಿ ವಾಪಸ್ ಕೊಡಬೇಕಾದ ಜಾಗವನ್ನು ಪ್ರೋಗ್ರಾಂ ಹಿಡ್ಕೊಂಡೇ ಕೂತಿರುತ್ತೆ, ಅಷ್ಟೆ. ಹನಿಗೂಡಿ ಹಳ್ಳ! ಇದರ ಇತಿಹಾಸದಲ್ಲಿ ನಮ್ಮ ಸಾಫ್ಟ್‌ವೇರ್ ಮಂದಿ ಮರೀಬಾರದ ಕಥೆ ಲಂಡನ್ನಿನ ಆಂಬ್ಯುಲೆನ್ಸ್ ಸೇವೆಯದು.

1992ರ ಅಕ್ಟೋಬರ್ 26ರಂದು ಅಲ್ಲಿ ಆಂಬ್ಯುಲೆನ್ಸ್ ಕಳಿಸುವ ಕೆಲಸವನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ವಹಿಸಿದರು. ಯಾವ ಗಾಡಿ ಎಲ್ಲಿದೆ ಅನ್ನೋದೇ ಅದಕ್ಕೆ ಸರಿಯಾಗಿ ತಿಳಿಯದೆ ದೊಡ್ಡ ಗೊಂದಲವಾಯ್ತು. ಮರುದಿನವೇ ಅರ್ಧ ಕೆಲಸ ಮನುಷ್ಯರ ಕೈಗೆ ವಾಪಸ್ ಬಂತು. ಅಷ್ಟಕ್ಕೇ ಮುಗೀಲಿಲ್ಲ. ನವೆಂಬರ್ 4ರ ಬೆಳಗಿನ ಜಾವ ಎರಡು ಗಂಟೆ ದಾಟಿದ ಮೇಲೆ ಸಿಸ್ಟಮ್ ನಿಧಾನವಾಗಿ, ಆಮೇಲೆ ನಿಂತೇ ಹೋಯ್ತು. ರೀಬೂಟ್ ಮಾಡಿದರೂ ಏಳಲಿಲ್ಲ. ಇನ್ನೊಂದು ಸರ್ವರ್ ಏನೋ ಇತ್ತು, ಆದರೆ ಆಗ ನಡೀತಿದ್ದ ಅರೆಬರೆ ವ್ಯವಸ್ಥೆಗೆ ಅದನ್ನು ಹೊಂದಿಸಿರಲಿಲ್ಲ. ಸಿಬ್ಬಂದಿ ಕಾಗದ, ಫೋನು ಹಿಡಿದು ಕೆಲಸ ನಡೆಸಿದರು. ಕರೆಗಳು ಕಡಿಮೆ ಇದ್ದ ಹೊತ್ತಾದ್ದರಿಂದ ದೊಡ್ಡ ಅನಾಹುತ ತಪ್ಪಿತು.

1993ರಲ್ಲಿ ಬಂದ ತನಿಖಾ ವರದಿ ಕಾರಣ ಹೇಳಿತು. ಸುಮಾರು ಮೂರು ವಾರ ಹಿಂದೆ ಸೇರಿಕೊಂಡಿದ್ದ ಒಂದು ಚಿಕ್ಕ ಕೋಡ್, ಪ್ರತಿ ಸಲ ಗಾಡಿ ಕಳಿಸಿದಾಗಲೂ ಫೈಲ್ ಸರ್ವರಿನ ಚೂರು ಮೆಮೊರಿ ತೆಗೆದುಕೊಂಡು ಬಿಡುತ್ತಲೇ ಇರಲಿಲ್ಲ!

ನನಗೆ ಮುಖ್ಯ ಅನ್ನಿಸೋದು ‘ಪ್ರತಿ ಸಲ’ ಅನ್ನೋ ಮಾತು. ಇಂಥ ರೋಗ ಬೆಳೆಯೋದು ಗಡಿಯಾರ ನೋಡಿ ಅಲ್ಲ, ಕೆಲಸದ ಲೆಕ್ಕ ನೋಡಿ. ಒಂದು ಗಂಟೆಯ ಟೆಸ್ಟಿಂಗಿನಲ್ಲಿ ಅದು ಕಾಣಿಸಿಕೊಳ್ಳೋದೇ ಇಲ್ಲ.

ರಾತ್ರಿಯಿಡೀ ಓಡುವ ಡೇಟಾಬೇಸ್ ಸ್ಕ್ರಿಪ್ಟುಗಳದ್ದೂ ಇದೇ ಕಥೆ. ಜ್ಯಾಂಗೋದಲ್ಲಿ ಡಿಬಗ್ ಆನ್ ಇದ್ದರೆ ಪ್ರತಿ ಕ್ವೆರಿಯನ್ನೂ ಅದು ಒಂದು ಪಟ್ಟಿಯಲ್ಲಿ ಬರೆದಿಡುತ್ತೆ. ವೆಬ್ ಪುಟದಲ್ಲಾದರೆ ಹೊಸ ರಿಕ್ವೆಸ್ಟ್ ಬಂದಾಗ ಪಟ್ಟಿ ಖಾಲಿಯಾಗುತ್ತೆ. ಸ್ಕ್ರಿಪ್ಟಿಗೆ ರಿಕ್ವೆಸ್ಟೇ ಇಲ್ಲವಲ್ಲ! 2015ರ 1.8 ಆವೃತ್ತಿಯಲ್ಲಿ ಅದಕ್ಕೆ 9000 ಕ್ವೆರಿಗಳ ಮಿತಿ ಬಂತು.

ಹಾಗಾಗಿ ನನ್ನ ಪದ್ಧತಿ ಸರಳ. ಸಾವಿರ ಸಾಲಿಗೊಮ್ಮೆ ಮೆಮೊರಿ ಎಷ್ಟಿದೆ ಅಂತ ಬರೆದಿಡೋದು. ಒಮ್ಮೆ ಜಿಗಿದು ಅಲ್ಲೇ ನಿಂತರೆ ಇಡೀ ರಿಸಲ್ಟನ್ನು ಒಟ್ಟಿಗೆ ತಂದುಕೊಂಡಿರಬಹುದು. ಮೆಟ್ಟಿಲಿನ ಹಾಗೆ ಏರುತ್ತಲೇ ಇದ್ದರೆ, ಪ್ರತಿ ಸಾಲಿಗೂ ಯಾರೋ ಏನನ್ನೋ ಹಿಡಿದಿಟ್ಟುಕೊಂಡಿದ್ದಾರೆ ಅಂತ ಅರ್ಥ. ಲಂಡನ್ನಿನಲ್ಲಿ ಆ ಮೆಟ್ಟಿಲು ಮೂರು ವಾರ ಏರುತ್ತಲೇ ಇತ್ತು.