ಧ್ವನಿ ಟಿಪ್ಪಣಿ

ಧ್ವನಿ ಟಿಪ್ಪಣಿ ಎಂದರೆ ಮನಸ್ಸಿಗೆ ಥಟ್ಟನೆ ಹೊಳೆದ ವಿಚಾರ, ಹಾಡಿನ ಸಾಲು ಅಥವಾ ನೆನಪನ್ನು ಮರೆಯುವ ಮೊದಲೇ ಬಾಯಿಂದ ಆಡಿ, ಧ್ವನಿಮುದ್ರಣ ಸಾಧನದಲ್ಲಿ ಉಳಿಸಿಕೊಳ್ಳುವ ಕ್ರಮ. ಇಂದು ಮೊಬೈಲ್ ಫೋನಿನಲ್ಲಿರುವ ರೆಕಾರ್ಡರ್ ಇದರ ಸಾಮಾನ್ಯ ಸಾಧನವಾಗಿದೆ. ಲೇಖಕರು, ಸಂಗೀತಗಾರರು, ಪತ್ರಕರ್ತರು ಹಾಗೂ ಜಾನಪದ ಸಂಗ್ರಾಹಕರು ಇದನ್ನು ಬಳಸುತ್ತಾರೆ. ದಾರಿ ನಡೆಯುವಾಗ, ಹೊಲದಲ್ಲಿ ದುಡಿಯುವಾಗ, ನಡುರಾತ್ರಿ ಎಚ್ಚರವಾದಾಗ, ಅಂದರೆ ಕೈಗೆ ಲೇಖನಿ ಸಿಗದ ಹೊತ್ತಿನಲ್ಲಿ ಇದರ ಉಪಯೋಗ ಹೆಚ್ಚು.

ಸ್ಮರಣೆಯ ಮಿತಿ

ಹೊಸದಾಗಿ ಹೊಳೆದ ವಿಚಾರವು ಮೊದಲು ಅಲ್ಪಾವಧಿ ಸ್ಮರಣೆಯಲ್ಲಿ ನಿಲ್ಲುತ್ತದೆ. ಅದರ ಧಾರಣಶಕ್ತಿ ಬಹಳ ಕಡಿಮೆ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಏಳರ ಆಸುಪಾಸಿನ ಘಟಕಗಳೆಂದು ಗುರುತಿಸಿದರು. 1959ರಲ್ಲಿ ಲಾಯ್ಡ್ ಪೀಟರ್ಸನ್ ಮತ್ತು ಮಾರ್ಗರೆಟ್ ಪೀಟರ್ಸನ್ ನಡೆಸಿದ ಪ್ರಯೋಗದಲ್ಲಿ, ಮೂರು ವ್ಯಂಜನಗಳನ್ನು ಕೇಳಿಸಿ, ಕೂಡಲೇ ಅಂಕಿಗಳನ್ನು ಹಿಂದುಮುಂದಾಗಿ ಎಣಿಸಲು ಹೇಳಲಾಯಿತು. 18 ಸೆಕೆಂಡು ಕಳೆಯುವಷ್ಟರಲ್ಲಿ ಆ ಮೂರು ಅಕ್ಷರಗಳು ಬಹುಪಾಲು ಮರೆತುಹೋಗಿದ್ದವು. ಬೇರೊಂದು ಕೆಲಸದತ್ತ ಗಮನ ಹರಿದೊಡನೆ ಹೊಳೆದದ್ದು ಜಾರಿಹೋಗುವುದಕ್ಕೆ ಇದೇ ಕಾರಣ.

ಆರಂಭದ ಸಾಧನಗಳು

ಥಾಮಸ್ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದನು. ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದು ಸಂಗೀತಕ್ಕಲ್ಲ, ಪತ್ರಲೇಖನ ಮತ್ತು ಉಕ್ತಲೇಖನಕ್ಕೆ. ಮುಂದೆ ಕಚೇರಿಗಳಲ್ಲಿ ಮೇಣದ ಸಿಲಿಂಡರಿನ ಡಿಕ್ಟಾಫೋನ್ ಬಳಕೆಗೆ ಬಂದಿತು. ಒಮ್ಮೆ ಬರೆದುಕೊಂಡ ಬಳಿಕ ಮೇಣದ ಮೇಲ್ಪದರವನ್ನು ಹೆರೆದು ಅದೇ ಸಿಲಿಂಡರಿನಲ್ಲಿ ಮತ್ತೆ ಮಾತನ್ನು ಮುದ್ರಿಸಬಹುದಿತ್ತು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸನ್ 1898ರಲ್ಲಿ ಕಾಂತೀಯ ಧ್ವನಿಮುದ್ರಣವನ್ನು ಸಾಧಿಸಿದನು. ಟೇಪ್ ಬಳಸುವ ಮ್ಯಾಗ್ನೆಟೋಫೋನ್ 1935ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿತವಾಯಿತು.

ಹಲಸಂಗಿ ಗೆಳೆಯರ ಸಂಗ್ರಹ

ಧ್ವನಿಮುದ್ರಣವಿಲ್ಲದೆ ಕ್ಷಣಿಕವಾದುದನ್ನು ಹಿಡಿದಿಡುವ ಕಷ್ಟಕ್ಕೂ ಸಾಧನೆಗೂ ಕನ್ನಡದಲ್ಲಿ ದೊಡ್ಡ ನಿದರ್ಶನವೆಂದರೆ ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರ ಬಳಗ. ಚಡಚಣದಲ್ಲಿ ಜನಿಸಿದ ಸಿಂಪಿ ಲಿಂಗಣ್ಣ, ಸಮೀಪದ ಹಲಸಂಗಿಯ ಮಧುರಚೆನ್ನ, ಪಿ. ಧೂಲಾಸಾಹೇಬ, ರೇವಪ್ಪ ಕಾಪಸೆ ಈ ಬಳಗದ ಪ್ರಮುಖರು. ಜನರ ಬಾಯಲ್ಲಿದ್ದ ಹಾಡುಗಳನ್ನು ಇವರು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಂಡರು. ಅದರ ಫಲವಾಗಿ 'ಗರತಿಯ ಹಾಡು' 1931ರಲ್ಲಿ ಪ್ರಕಟವಾಯಿತು. ಲಾವಣಿಗಳ 'ಜೀವನ ಸಂಗೀತ' ಹಾಗೂ 'ಮಲ್ಲಿಗೆ ದಂಡೆ' ಅದನ್ನು ಅನುಸರಿಸಿ ಬಂದವು.

ಹೆಣ್ಣುಮಕ್ಕಳ ತ್ರಿಪದಿಗಳು ಬಹುಮಟ್ಟಿಗೆ ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಹುಟ್ಟಿದವು. ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತವಳು ತವರನ್ನೋ ಅಣ್ಣನನ್ನೋ ನೆನೆದು ಸಾಲು ಕಟ್ಟುತ್ತಾಳೆ. ಕಲ್ಲು ತಿರುಗುತ್ತಿರುವವರೆಗೆ ಸಾಲಿಗೆ ಸಾಲು ಕೂಡಿಬರುತ್ತದೆ. ಕೆಲಸ ನಿಲ್ಲಿಸಿ, ಬರೆದುಕೊಳ್ಳುವವನ ವೇಗಕ್ಕೆ ತಕ್ಕಂತೆ ಬಿಡಿಸಿ ಹೇಳಬೇಕೆಂದರೆ ಲಯ ತಪ್ಪುತ್ತದೆ, ಲಯದೊಡನೆ ನೆನಪೂ ತಪ್ಪುತ್ತದೆ. ಇನ್ನೊಂದು ತೊಡಕೂ ಉಂಟು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗ ಪುನರಾವರ್ತನೆಗೊಂಡು ಮೂರು ಸಾಲು ನಾಲ್ಕಾಗಿ ಕೇಳಿಸುತ್ತದೆ. ಅಚ್ಚಾದ ಪುಟದಲ್ಲಿ ಈ ಆವರ್ತನೆ, ಎಳೆತ, ಉಸಿರು ಯಾವುದೂ ಕಾಣುವುದಿಲ್ಲ. ಹಿಟ್ಟಿನ ಗಿರಣಿಗಳು ಬಂದು ಬೀಸುಕಲ್ಲು ಮೂಲೆ ಸೇರಿದ ಮೇಲೆ ಅನೇಕ ಹಾಡುಗಳ ಮಾತು ಪುಸ್ತಕದಲ್ಲಿ ಉಳಿಯಿತು, ಧಾಟಿ ಮಾತ್ರ ಹಾಡಿದವರೊಂದಿಗೆ ಹೋಯಿತು. ಆದರೂ ಆ ಲೇಖನಿ ಇಲ್ಲದಿದ್ದರೆ ಮಾತೂ ಉಳಿಯುತ್ತಿರಲಿಲ್ಲವೆಂಬುದನ್ನು ಮರೆಯಲಾಗದು.

ಅದೇ ದಶಕದಲ್ಲಿ, 1934-35ರಲ್ಲಿ, ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಗಾಯಕರ ವೀರಕಾವ್ಯಗಳನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಮುದ್ರಿಸಿಕೊಂಡನು. ಆ ಗಾಯಕರ ಕಂಠವನ್ನು ಇಂದಿಗೂ ಕೇಳಬಹುದು.

ಕ್ಯಾಸೆಟ್‌ನಿಂದ ಮೊಬೈಲಿಗೆ

ಫಿಲಿಪ್ಸ್ ಸಂಸ್ಥೆಯು 1963ರಲ್ಲಿ ಕ್ಯಾಸೆಟ್ ಅನ್ನು ಹೊರತಂದ ಮೇಲೆ ಧ್ವನಿಮುದ್ರಣ ಜನಸಾಮಾನ್ಯರ ಕೈಗೆ ಎಟುಕಿತು. ಕರ್ನಾಟಕದಲ್ಲಿ ಎಚ್.ಎಲ್. ನಾಗೇಗೌಡರು ಜನಪದ ಗಾಯಕರ ಹಾಡುಗಳನ್ನು ಧ್ವನಿಸುರುಳಿ ಹಾಗೂ ದೃಶ್ಯಸುರುಳಿಗಳಲ್ಲಿ ಸಂಗ್ರಹಿಸಿದರು. ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಆ ಸಂಗ್ರಹವಿದೆ. ವಾಟ್ಸ್‌ಆ್ಯಪ್‌ನಲ್ಲಿ 2013ರಿಂದ ಧ್ವನಿ ಸಂದೇಶ ಕಳುಹಿಸುವ ಸೌಲಭ್ಯವಿದೆ. ತನಗೆ ತಾನೇ ಸಂದೇಶ ಕಳುಹಿಸಿಕೊಂಡು ಅದನ್ನೇ ಟಿಪ್ಪಣಿ ಪುಸ್ತಕದಂತೆ ಬಳಸುವವರೂ ಇದ್ದಾರೆ.

ಸೆಕೆಂಡಿಗೆ 16,000 ಮಾದರಿಗಳಂತೆ, ಪ್ರತಿ ಮಾದರಿಗೆ 16 ಬಿಟ್‌ಗಳಂತೆ ಸಂಕುಚಿತಗೊಳಿಸದೆ ಮುದ್ರಿಸಿದ ಒಂದು ನಿಮಿಷದ ಮಾತು ಸುಮಾರು 1.9 ಮೆಗಾಬೈಟ್ ಸ್ಥಳ ಹಿಡಿಯುತ್ತದೆ. ಸಂಕುಚಿತಗೊಳಿಸಿದರೆ ಮಾತು ಸ್ಪಷ್ಟವಾಗಿಯೇ ಉಳಿದು ಇದರ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಾಕಾಗುತ್ತದೆ.

ಅಕ್ಷರಕ್ಕೆ ಇಳಿಸುವಿಕೆ

ಧ್ವನಿ ಟಿಪ್ಪಣಿಯ ಮುಖ್ಯ ದೋಷವೆಂದರೆ ಅದನ್ನು ಪುಟದಂತೆ ಕಣ್ಣಾಡಿಸಿ ನೋಡಲಾಗದು. ಹತ್ತು ನಿಮಿಷದ ಮುದ್ರಣದಲ್ಲಿ ಒಂದು ಮಾತನ್ನು ಹುಡುಕಲು ಹತ್ತು ನಿಮಿಷವೂ ಕೇಳಬೇಕಾಗಬಹುದು. ಹೆಸರಿಡದೆ ಬಿಟ್ಟ ನೂರಾರು ಕಡತಗಳು ಇದ್ದೂ ಇಲ್ಲದಂತೆ. ಆದುದರಿಂದ ಮುದ್ರಣದ ಆರಂಭದಲ್ಲಿಯೇ ದಿನಾಂಕ, ಸ್ಥಳ ಮತ್ತು ವಿಷಯವನ್ನು ಹೇಳಿ, ಒಂದೆರಡು ದಿನಗಳಲ್ಲಿ ಸಾರಾಂಶವನ್ನು ಬರೆದಿಡುವುದು ರೂಢಿ. ಅವಸರದಲ್ಲಿ ಆಡಿದ ಅರ್ಧ ವಾಕ್ಯದ ಸಂದರ್ಭ ಆಡಿದವರಿಗೇ ಬೇಗನೆ ಮಸುಕಾಗುತ್ತದೆ.

ಗೂಗಲ್ 2017ರಲ್ಲಿ ತನ್ನ ಧ್ವನಿ ಬೆರಳಚ್ಚು ಸೌಲಭ್ಯಕ್ಕೆ ಕನ್ನಡವನ್ನು ಸೇರಿಸಿತು. ಇಂತಹ ತಂತ್ರಾಂಶಗಳಿಗೆ ಶಿಷ್ಟ ಕನ್ನಡ ಒಗ್ಗಿದಷ್ಟು ಆಡುನುಡಿ ಒಗ್ಗುವುದಿಲ್ಲ. ಇಂಡಿ, ಸಿಂದಗಿ, ಚಡಚಣ ಭಾಗದವರು 'ಬರಾಕತ್ತಾನ' ಎಂದದ್ದನ್ನು ಯಂತ್ರವು ಬೇರೊಂದು ಪದವಾಗಿ ಬರೆಯಬಹುದು. ಆದಕಾರಣ ಯಂತ್ರದ ಬರಹವನ್ನು ಮೂಲ ಧ್ವನಿಯೊಡನೆ ತಾಳೆ ನೋಡುವುದು ಅವಶ್ಯಕ, ತಿದ್ದಿದ ಮೇಲೂ ಮೂಲವನ್ನು ಅಳಿಸದಿರುವುದು ಲೇಸು. ಬೇರೊಬ್ಬರ ಹಾಡನ್ನೋ ಮಾತನ್ನೋ ಮುದ್ರಿಸುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಬೇಕು. ಹಾಡಿದವರ ಹೆಸರು, ಊರುಗಳನ್ನು ಅವರ ಇಚ್ಛೆಯಂತೆ ಟಿಪ್ಪಣಿಯಲ್ಲಿ ಸೇರಿಸಬೇಕು.